ಹಾಳೆಯ ಹಿಂಬದಿ

ನಿವೃತ್ತ ಗುಮಾಸ್ತರು ರಕ್ತದೊತ್ತಡದ ಮಾತ್ರೆಗೆ ಅವನು ಕೆಲಸ ಮಾಡುವ ಔಷಧಿ ಅಂಗಡಿಗೆ ಬಂದಿದ್ದರು. ತಿಂಗಳ ಮೊದಲ ವಾರ, ಎರಡು ಹಾಳೆ, ಏಳು ವರ್ಷದಿಂದ ಇದೇ ಪದ್ಧತಿ. ಅವರು ಬಾಯಿ ತೆರೆಯುವ ಮೊದಲೇ ಅವನ ಕೈ ಗೂಡಿಗೆ ಹೋಗುತ್ತಿತ್ತು. ಇವತ್ತೂ ಹೋಯಿತು. ಆದರೆ ತೆಗೆದ ಹಾಳೆಯನ್ನು ಅವನು ಕೊಡಲಿಲ್ಲ. ಹಿಂದೆ ತಿರುಗಿಸಿ ನೋಡಿದ, ಮುಂದೆ ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದ, ಕೊನೆಗೆ ಕಿವಿಯ ಹತ್ತಿರ ತಂದು ಅಲ್ಲಾಡಿಸಿದ. ಸದ್ದು ಬರಲಿಲ್ಲ. ಮಾತ್ರೆಗಳು ತಮ್ಮ ತಮ್ಮ ಗುಳಿಯಲ್ಲಿ ಬಿಗಿಯಾಗಿ ಕೂತಿದ್ದವು. ಇನ್ನೊಮ್ಮೆ ಅಲ್ಲಾಡಿಸಿದ. "ಏನ್ ಮೇಷ್ಟ್ರೇ, ತೆಂಗಿನಕಾಯಿ ಆರಿಸ್ತಾ ಇದ್ದೀರಾ? ನೀರಿದೆಯಾ ನೋಡಿ," ಎಂದರು ಗುಮಾಸ್ತರು. ಸಾಲಿನಲ್ಲಿದ್ದ ನಾಲ್ಕೈದು ಜನ ನಕ್ಕರು. ಅವನೂ ನಕ್ಕ. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಪ್ರತಿ ಔಷಧಿಯ ಜೊತೆ ನಾಲ್ಕು ಬುದ್ಧಿಮಾತು ಕಟ್ಟಿಕೊಡುವ ಚಟಕ್ಕೆ ಗಿರಾಕಿಗಳೇ ಇಟ್ಟ ಹೆಸರು ಅದು. ಆ ಹೆಸರು ಕೇಳಿದಾಗಲೆಲ್ಲ ಒಳಗೊಳಗೇ ಉಬ್ಬುತ್ತಿದ್ದವನಿಗೆ ಈಗ ಇಪ್ಪತ್ತಾರು ದಿನದಿಂದ ಯಾರೋ ಹಿಂದಿನಿಂದ ಅಂಗಿ ಜಗ್ಗಿದಂತಾಗುತ್ತಿತ್ತು. ಗುಮಾಸ್ತರು ಚೀಲಕ್ಕೆ ಹಾಳೆ ಹಾಕಿಕೊಂಡು, ದನಿ ತಗ್ಗಿಸಿ, "ತಂಗಿ ವಿಷಯ ಕೇಳ್ದೆ. ಪಾಪ, ಆ ವಯಸ್ಸಿಗೆ ಸಾಯೋವಂಥದ್ದೇನಿತ್ತಂತೆ?" ಎಂದರು. "ಏನೂ ಇರ್ಲಿಲ್ಲ," ಎಂದ. ಅದು ನಿಜವಾಗಿತ್ತು. ಗುಮಾಸ್ತರು, ಮನೆಯ ಗುಟ್ಟು ಬೀದಿಗೆ ತರಬಾರದೆಂದು ಹಾಗನ್ನುತ್ತಿದ್ದಾನೆ ಎಂಬಂತೆ ತಲೆಯಾಡಿಸಿ ಹೊರಟುಹೋದರು.

ಎಲ್ಲರೂ ಹಾಗೆಯೇ ತಿಳಿದಿದ್ದರು. ತಂಗಿ ಬೇಕೆಂದೇ ನುಂಗಿದಳು, ಲೆಕ್ಕವಿಲ್ಲದಷ್ಟು ನುಂಗಿದಳು, ಗಂಡನನ್ನು ಬಿಟ್ಟು ಬಂದವಳಲ್ಲವೇ, ಎಷ್ಟು ದಿನ ಅಂತ ತಡೆದುಕೊಂಡಾಳು. ಇವತ್ತು ಬೆಳಿಗ್ಗೆ, ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ, ಔಷಧ ಇಲಾಖೆಯ ಇನ್ಸ್‌ಪೆಕ್ಟರ್ ಫೋನು ಮಾಡಿದ್ದ. ಪ್ರಯೋಗಾಲಯದ ವರದಿ ಬಂದಿದೆ ಎಂದ. ತಂಗಿಯ ದಿಂಬಿನ ಕೆಳಗೆ ಸಿಕ್ಕ ಹಾಳೆಯಲ್ಲಿ ಉಳಿದಿದ್ದ ಎರಡು ಮಾತ್ರೆಗಳಲ್ಲಿ, ಮೇಲೆ ಅಚ್ಚಾಗಿದ್ದ ನಿದ್ದೆಮದ್ದು ಒಂದು ಚೂರೂ ಇರಲಿಲ್ಲವಂತೆ. ಇದ್ದದ್ದು ಬೇರೆ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ, ಪಕ್ಕದಲ್ಲಿ ಒಬ್ಬರು ಉಸಿರು ನೋಡುತ್ತಾ ನಿಂತು, ಅಳೆದು ಕೊಡಬೇಕಾದ ನೋವಿನ ಮದ್ದು. "ಒಂದೇ ಹಾಳೆ ಸಾರ್. ಒಂದು ಮಾತ್ರೇಲಿ ಬರೀ ಸುಣ್ಣದ ಪುಡಿ, ಪಕ್ಕದ್ದರಲ್ಲಿ ಮೂರು ಜನಕ್ಕೆ ಸಾಕಾಗೋಷ್ಟು. ಎಲ್ಲೋ ಹಿತ್ತಲಲ್ಲಿ ಬಕೆಟ್ಟಲ್ಲಿ ಕಲಸಿ ಅಚ್ಚು ಒತ್ತಿರ್ತಾರೆ, ಸಮ ಎಲ್ಲಿಂದ ಬರ್ಬೇಕು? ದಿನಾ ನುಂಗ್ತಿದ್ದೋರು ಒಂದು ದಿನ ಏಳಲ್ಲ, ಅಷ್ಟೇ." ಆಮೇಲೆ ಸಮಾಧಾನಕ್ಕೆಂದು ಸೇರಿಸಿದ್ದ: "ನೀವು ಬೇಜಾರು ಮಾಡ್ಕೋಬೇಡಿ. ಇದು ಕಣ್ಣಿಗೆ ಗೊತ್ತಾಗೋ ಮಾಲಲ್ಲ. ನಿಮ್ಮಂಥೋರ ಕೈಗೆ ಸಿಕ್ಕಿದ್ರೂ ಗೊತ್ತಾಗ್ತಿರ್ಲಿಲ್ಲ." ಅಡುಗೆಮನೆಯಿಂದ ಅಮ್ಮ, "ಯಾರದು ಇಷ್ಟು ಬೇಗ?" ಎಂದು ಕೇಳಿದಳು. "ಅಂಗಡಿಯದು," ಎಂದು ಹೇಳಿ, ಚಪ್ಪಲಿ ಮೆಟ್ಟಿ ಬಂದುಬಿಟ್ಟಿದ್ದ.

ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ಆ ವಾಕ್ಯದ ಬಾಲಕ್ಕೆ ಇನ್ನೊಂದು ಗಂಟು ಬಿದ್ದಿತ್ತು. ತಂಗಿ ತೀರಿಹೋಗುವ ಹಿಂದಿನ ಸಂಜೆ ಹಾಲು ಉಕ್ಕಿ, ಬತ್ತಿ, ಪಾತ್ರೆ ತಳ ಹಿಡಿದು ಕರಿದಾಗಿತ್ತು. ಹಾಲಿಟ್ಟವಳು ಅಲ್ಲೇ ಕುರ್ಚಿಯಲ್ಲಿ ಕಣ್ಣು ಅರ್ಧ ಮುಚ್ಚಿ ಕೂತಿದ್ದಳು, ಮೂಗಿಗೆ ವಾಸನೆ ಬಡಿದರೂ ಎದ್ದಿರಲಿಲ್ಲ. ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ದಿನಾ ಹಿಂಗೆ ಕೂತು ನಿಂತು ತೂಕಡಿಸೋ ಬದಲು ಒಂದೇ ಸಲ ಮಲಗಿಬಿಡು," ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಳಿಗ್ಗೆ ಮಗಳು ಏಳಲಿಲ್ಲ. ಅಮ್ಮ ಅತ್ತಿರಲಿಲ್ಲ. ಬಂದವರ ಎದುರು ಕೂತಿದ್ದಳು, ಹೋದವರನ್ನು ಕಳಿಸಿದಳು, ಆ ಕರಿ ಪಾತ್ರೆಯನ್ನು ದಿನಕ್ಕೆರಡು ಸಲ ತಿಕ್ಕುತ್ತಿದ್ದಳು, ಮಗಳ ಕೋಣೆಯ ಬಾಗಿಲ ಮುಂದೆ ಹಾದುಹೋಗಬೇಕಾದಾಗ ತಲೆ ತಗ್ಗಿಸುತ್ತಿದ್ದಳು. ಅವನಿಗೆ ಒಬ್ಬನಿಗೇ, ನಾಲ್ಕನೆಯ ದಿನ, ಹೇಳಿದ್ದಳು: "ನಾನಂದ ಮಾತು ಅವಳಿಗೆ ನಾಟ್ತು ಕಣೋ." ಮಾತ್ರೆಯೇ ಕೆಟ್ಟದ್ದಿರಬಹುದು ಎಂದು ಪಕ್ಕದ ಮನೆಯಾಕೆ ಹೇಳಿದಾಗ ಅಮ್ಮನೇ ತಲೆ ಅಲ್ಲಾಡಿಸಿದ್ದಳು. "ಇಲ್ಲ. ಭಾನುವಾರ ಇವನೇ ನೋಡಿ ಸರಿ ಇದೆ ಅಂದಿದ್ದ. ಅವಳೇ ಬಂದು ನಂಗೆ ಹೇಳಿದ್ಲು, ಅಣ್ಣ ನೋಡ್ದ, ಸರಿ ಇದೆಯಂತೆ ಅಂತ. ಇವನು ಸರಿ ಅಂದ್ಮೇಲೆ ಸರಿ. ಮಾತ್ರೆ ಏನ್ಮಾಡತ್ತೆ." ಹೇಳಿ ಅವನ ಮುಖ ನೋಡಿದ್ದಳು. ಅವನು ಆಗ ಲೋಟ ಎತ್ತಿ ನೀರು ಕುಡಿದಿದ್ದ. ಅಮ್ಮನ ಪಾಪದ ಕಟ್ಟಡವೆಲ್ಲ ನಿಂತಿದ್ದು ಅವನ ಆ ಒಂದು 'ಸರಿ'ಯ ಮೇಲೆ, ಅವನು ಅದನ್ನು ಕೆಳಗಿನಿಂದ ಎಳೆದುಕೊಂಡಿರಲಿಲ್ಲ.

"ಮೇಷ್ಟ್ರೇ, ಇದ್ಯಾಕೆ ಮೂರು ಹಾಳೆ ಹರಿದಿಟ್ಟಿದ್ದೀರಾ?" ಮಾಲೀಕರು ಬಂದು ಹಿಂದೆ ನಿಂತಿದ್ದರು. ಬೆಳಿಗ್ಗೆ ಬಂದ ಹೊಸ ಪೆಟ್ಟಿಗೆಯಿಂದ ಅವನು ಮೂರು ಹಾಳೆಗಳ ಬೆನ್ನು ಬಿಚ್ಚಿ, ಮಾತ್ರೆ ಹೊರತೆಗೆದು, ನಡುವಿನ ಗೀರಿನ ಮೇಲೆ ಉಗುರಿಟ್ಟು ಮುರಿದು ನೋಡಿದ್ದ. ಮೂರೂ ಎರಡು ಸಮ ಹೋಳಾಗಿ ಚೊಕ್ಕವಾಗಿ ಒಡೆದಿದ್ದವು. "ಇನ್ಯಾರು ತಗೋತಾರೆ ಇದನ್ನ? ನಿಮ್ಮ ದುಃಖ ನಂಗೆ ಅರ್ಥ ಆಗತ್ತೆ. ಬೇಕಾದ್ರೆ ಇನ್ನೊಂದು ವಾರ ಮನೇಲಿರಿ," ಎಂದರು, ಮಗುವಿಗೆ ಹೇಳುವಂತೆ. ಅವನು ಒಡೆದ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ, ಖಾನೆ ಎಳೆದ. ಖಾನೆಯ ಒಳಬದಿಗೆ ಅಂಟಿಸಿದ್ದ ಪಟ್ಟಿ ಕಣ್ಣಿಗೆ ಬಿತ್ತು, ಅವನದೇ ದುಂಡು ಅಕ್ಷರ. ಅಜ್ಜಿ. ಜೋಗುಳ. ಬಿಳಿಗುಂಡು. ತೊಟ್ಟಿಲು. ನಿದ್ದೆಮದ್ದನ್ನು ವೈದ್ಯರ ಚೀಟಿಯಿಲ್ಲದೆ ಕೇಳುವವರು ಅದರ ನಿಜ ಹೆಸರು ಹೇಳುವುದಿಲ್ಲ. ಬೀದಿಯಲ್ಲಿ ಅದಕ್ಕೆ ಆರು ತಿಂಗಳಿಗೊಮ್ಮೆ ಹೊಸ ಹೆಸರಿಡುತ್ತಾರೆ, ಪೊಲೀಸರಿಗೂ ಮನೆಯವರಿಗೂ ತಿಳಿಯಬಾರದೆಂದು. ಅವನು ಹೊಸ ಪದ ಬಂದಂತೆಲ್ಲ ಬರೆದುಕೊಳ್ಳುತ್ತಿದ್ದ. ಹೋದ ವರ್ಷ ಔಷಧಿ ವ್ಯಾಪಾರಿಗಳ ಸಭೆಯಲ್ಲಿ ಅವನನ್ನೇ ಕರೆದು ಮಾತಾಡಿಸಿದ್ದರು. ನಲವತ್ತು ನಿಮಿಷ ಮಾತಾಡಿದ್ದ. ಪದ ಗೊತ್ತಿದ್ದರೆ ಅರ್ಧ ಕಳ್ಳನನ್ನು ಹಿಡಿದಂತೆ ಎಂದಿದ್ದ, ಚಪ್ಪಾಳೆ ಬಿದ್ದಿತ್ತು. "ಅಜ್ಜಿ ಇದಾಳಾ ಸಾರ್?" ಎಂದು ಕೇಳಿಕೊಂಡು ಬಂದ ಹುಡುಗರಿಗೆ ಅವನು ಕೊಡುತ್ತಿದ್ದ ಉತ್ತರವನ್ನೂ ಅಲ್ಲಿ ಹೇಳಿ ನಗಿಸಿದ್ದ: "ತೀರ್ಕೊಂಡ್ಲು ಕಣಪ್ಪ, ನೀನೂ ಅವಳ ಹಿಂದೆ ಹೋಗ್ಬೇಡ." ಕಳ್ಳ ಎಂದಿದ್ದ. ನಿದ್ದೆ ಬಾರದವರಿಗೆ ಕಳ್ಳರು ಎಂಬ ಹೆಸರಿಟ್ಟಿದ್ದ. ಆ ಪದ ಕಿವಿಗೆ ಬಿದ್ದ ಕೂಡಲೇ, ಎಷ್ಟು ದಿನದಿಂದಮ್ಮ, ಯಾಕೆ ನಿದ್ದೆ ಬರ್ತಿಲ್ಲ, ಎಲ್ಲಿಂದ ತಗೋತಿದ್ದೀಯ, ಎಂದು ಕೇಳಬೇಕು ಅನ್ನುವುದು ಆ ನಲವತ್ತು ನಿಮಿಷದಲ್ಲಿ ಒಂದು ಸಲವೂ ಅವನ ಬಾಯಿಗೆ ಬಂದಿರಲಿಲ್ಲ.

ಆ ಭಾನುವಾರ ಪದ ಅವನ ಮನೆಯೊಳಗೇ ಕೇಳಿಸಿತ್ತು. ತಂಗಿ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು, ಬಾಗಿಲು ಪೂರ್ತಿ ಹಾಕಿರಲಿಲ್ಲ. "ಮುಂದಿನ ವಾರಕ್ಕೆ ಅಜ್ಜಿ ಎರಡು ಹಾಳೆ ಇಟ್ಟಿರು," ಎಂದಳು. ಅವನಿಗೆ ಅರ್ಥವಾಗಲು ಕ್ಷಣವೂ ಬೇಕಾಗಲಿಲ್ಲ. ಮೊದಲು ಅನ್ನಿಸಿದ್ದು ಏನು? ಭಯವೇ? ಅಯ್ಯೋ ಎಂದೇ? ಎಷ್ಟು ಸಲ ನೆನೆದರೂ ಸುಳ್ಳು ಹೇಳಿಕೊಳ್ಳಲು ಆಗುತ್ತಿರಲಿಲ್ಲ. ಮೊದಲು ಅನ್ನಿಸಿದ್ದು ಅವಮಾನ. ಮೇಷ್ಟ್ರ ತಂಗಿಯ ಬಾಯಲ್ಲಿ ಅಜ್ಜಿ! ದೀಪದ ಬುಡದಲ್ಲೇ ಕತ್ತಲೆ ಎಂದು ಸಭೆಯಲ್ಲಿ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಬೆರಳು ತೋರಿಸಿದ ಹಾಗಾಯಿತು. ಬಾಗಿಲು ತಳ್ಳಿ ಒಳಗೆ ಹೋಗಿ ಕೈ ಚಾಚಿದ. ಅವಳು ತಕರಾರು ಮಾಡಲಿಲ್ಲ, ಕೈಚೀಲದಿಂದ ಹಾಳೆ ತೆಗೆದುಕೊಟ್ಟಳು. ಹೊಸದು, ಒಂದೂ ಒಡೆದಿರಲಿಲ್ಲ, ಹತ್ತು ಮಾತ್ರೆ. ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಮೇಲ್ವಿಚಾರಕಿ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಸಂಜೆ, ಒಂದು ವಾರ ರಾತ್ರಿ. ಆವಿಯಲ್ಲಿ ಬೆಂದು ಬಂದ ಮೈ, ಯಾವಾಗ ಮಲಗಬೇಕೆಂಬುದನ್ನೇ ಮರೆತುಬಿಟ್ಟಿತ್ತು. "ಊರೋರ ಹಾಸಿಗೆಗೆಲ್ಲ ಚಾದರ ಕಳಿಸೋದು ನಾನು, ನಿದ್ದೆ ಮಾತ್ರ ಅವರಿಗೆ," ಎಂದು ನಗುತ್ತಿದ್ದಳು ಮೊದಮೊದಲು.

"ಎಲ್ಲಿಂದ ಬಂತಿದು?" ಎಂದಿದ್ದ.

"ಕೆಲಸದ ಹತ್ರ. ಸೋಪಿನ ಪುಡಿ ತರೋನು ತಂದುಕೊಡ್ತಾನೆ. ಏಳೆಂಟು ಜನ ತಗೋತೀವಿ."

"ನಾಚಿಕೆ ಆಗಲ್ವಾ ನಿಂಗೆ? ಅಣ್ಣ ಅನ್ನೋನು ಔಷಧಿ ಅಂಗಡೀಲಿ ಇದಾನೆ."

"ಅಣ್ಣ ಅನ್ನೋನು ಕೊಡ್ತಿದ್ನಾ?" ಎಂದು ಕೇಳಿ, ಆಮೇಲೆ ಸ್ವಲ್ಪ ಮೆತ್ತಗೆ, "ಹೋಗ್ಲಿ ಬಿಡು. ಅದು ಸರಿ ಇದೆಯೋ ಇಲ್ವೋ, ಅಷ್ಟಾದ್ರೂ ನೋಡಿ ಹೇಳು. ಈ ಸಲದ್ದು ಯಾಕೋ ಬೇರೆ ಥರ ಇದೆ," ಎಂದಳು.

ಅವಳೇ ಕೇಳಿದ್ದಳು. ಬೇರೆ ಥರ ಇದೆ ಎಂದೂ ಹೇಳಿದ್ದಳು. ಇಪ್ಪತ್ಮೂರು ವರ್ಷದಿಂದ ಔಷಧಿ ಕೊಟ್ಟ ಕೈ ಏನು ಮಾಡುತ್ತದೋ ಅದನ್ನೇ ಅವನ ಕೈ ಮಾಡಿತು. ಹಾಳೆಯನ್ನು ತಿರುವಿ ಹಾಕಿ ಹಿಂಬದಿ ನೋಡಿತು. ಅಂಗಡಿಯಲ್ಲಿ ಕೂತವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ತಿಂಗಳು, ವರ್ಷ. ಅವಧಿ ಮುಗಿದದ್ದು ಕೊಟ್ಟರೆ ತಲೆ ಹೋಗುತ್ತದೆ ಎಂದು ಮೊದಲ ದಿನವೇ ಕಲಿಸಿರುತ್ತಾರೆ. ಸರಬರಾಜಾಗಿ ಬಂದ ಮಾಲು ಅಸಲಿಯೇ ಎಂದು ಯಾರೂ ಕೇಳುವುದಿಲ್ಲ, ಅಂಗಡಿಗೆ ಬಂದದ್ದು ಅಸಲಿಯೇ. ಸೋಪಿನ ಪುಡಿಯವನ ಹಾಳೆಯನ್ನೂ ಅವನು ಅದೇ ಕಣ್ಣಿಂದ ನೋಡಿದ. "ಸರಿ ಇದೆ. ಇನ್ನೂ ಎರಡು ವರ್ಷ ಇದೆ ಅವಧಿ. ನುಂಗು, ಯಾರು ಬೇಡ ಅಂದ್ರು," ಎಂದು ಹಾಸಿಗೆಯ ಮೇಲೆ ಎಸೆದ. ಬಿದ್ದಾಗ ಹಾಳೆ ಗಲಗಲ ಎಂದಿತು. ಗುಳಿ ದೊಡ್ಡದು, ಮಾತ್ರೆ ಚಿಕ್ಕದು, ಒಳಗೆ ಸಡಿಲವಾಗಿ ಕುಣಿಯುತ್ತಿದ್ದವು. ಆ ಕಂಪನಿಯ ಮಾತ್ರೆ ಹಾಗೆ ಸದ್ದು ಮಾಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಿವಿಗೆ ಬಿತ್ತು. ಕಾಲು ಅರ್ಧ ಕ್ಷಣ ನಿಂತಿತು. ಆಮೇಲೆ ಸಿಟ್ಟೇ ಅವನನ್ನು ಬಾಗಿಲಾಚೆಗೆ ಕರೆದುಕೊಂಡು ಹೋಯಿತು. ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ ಸಾರ್ ಎಂದು ಇನ್ಸ್‌ಪೆಕ್ಟರ್ ಬೆಳಿಗ್ಗೆ ಚಾಚಿದ ಕೈಯನ್ನು ಹಿಡಿದುಕೊಳ್ಳೋಣವೆಂದರೆ ಈ ಕಿವಿ ಬಿಡುತ್ತಿರಲಿಲ್ಲ.

ಮತ್ತೆ ಲೆಕ್ಕ. ಈ ಲೆಕ್ಕವನ್ನು ಅವನು ಮೊದಲ ದಿನವೇ, ಆಂಬುಲೆನ್ಸಿನಲ್ಲಿ ಕೂತೇ ಮಾಡಿದ್ದ. ಭಾನುವಾರ ಹತ್ತು. ದಿನಕ್ಕೆ ಎರಡರಂತೆ ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ ಎಂಟು. ಗುರುವಾರ ಬೆಳಿಗ್ಗೆ ದಿಂಬಿನ ಕೆಳಗೆ ಉಳಿದದ್ದು ಎರಡು. ಅವಳು ಎಂದಿನಂತೆ ಎರಡೇ ನುಂಗಿದ್ದಳು. ಕಸದ ಬುಟ್ಟಿಯಲ್ಲಿ ಸಿಕ್ಕು ಎಲ್ಲರನ್ನೂ ನಂಬಿಸಿದ ಖಾಲಿ ಹಾಳೆಗಳು ಹಿಂದಿನ ವಾರಗಳವು. ಭಾನುವಾರ ಹಾಳೆ ತುಂಬಿತ್ತೆಂದು ಬಲ್ಲವನು ಭೂಮಿಯ ಮೇಲೆ ಅವನೊಬ್ಬನೇ. "ಈ ಹಾಳೆ ಮೊದಲು ನೋಡಿದ್ರಾ?" ಎಂದು ಇನ್ಸ್‌ಪೆಕ್ಟರ್ ಆವತ್ತು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದ್ದ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ಅವನು, "ಇಲ್ಲ ಇಲ್ಲ, ನಮ್ಮ ಅಂಗಡಿಯದಲ್ಲ," ಎಂದಿದ್ದ. ಕೇಳಿದ್ದು ಅಂಗಡಿಯ ಮಾತಾಗಿರಲಿಲ್ಲ.

ಹನ್ನೆರಡರ ಹೊತ್ತಿಗೆ ಸಾಲು ಕರಗಿತು. ಈ ಸಾಲಿನಲ್ಲೇ, ಎರಡು ವರ್ಷದ ಹಿಂದೆ, ತಂಗಿ ನಿಂತಿದ್ದಳು. ಪಕ್ಕದ ಬಾಗಿಲಿಂದ ಒಳಗೆ ಬರಬಹುದಾಗಿತ್ತು, ಬರಲಿಲ್ಲ. ಎಲ್ಲರಂತೆ ಚೀಟಿ ಹಿಡಿದು ಸರದಿ ಬರುವವರೆಗೆ ಕಾದಳು. ವೈದ್ಯರು ಹದಿನೈದು ದಿನಕ್ಕೆಂದು ಬರೆದ ಚೀಟಿ, ಐದು ತಿಂಗಳು ಹಳೆಯದು. ಹಿಂದೆ ಜನ ಇದ್ದರು. ಅವನಿಗೆ ತನ್ನ ನಿಷ್ಠೆ ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕಿರಲಿಲ್ಲ. "ಹಳೇ ಚೀಟಿಗೆ ಕೊಡಲ್ಲ ಮೇಡಂ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಗುರುತಿದ್ದವರು ನಕ್ಕರು, ಭಲೇ ಮೇಷ್ಟ್ರೇ, ತಂಗೀನೂ ಬಿಡಲ್ಲ. ಕೊಡದೇ ಇದ್ದದ್ದು ತಪ್ಪಲ್ಲ, ಇವತ್ತಿಗೂ ತಪ್ಪಲ್ಲ. ಸಂಜೆ ಮನೆಗೆ ಹೋಗಿ, ಬಾ, ನಾಳೆ ಇಬ್ಬರೂ ಡಾಕ್ಟರ ಹತ್ರ ಹೋಗೋಣ, ಅನ್ನಬಹುದಿತ್ತು. ಅನ್ನಲಿಲ್ಲ. ಅವಳು ಚೀಟಿಯನ್ನು ನಾಲ್ಕಾಗಿ ಮಡಚಿಕೊಂಡು ಹೋದಳು, ಆಮೇಲೆ ಅವನ ಅಂಗಡಿಗೆ ತಲೆನೋವಿನ ಮಾತ್ರೆಗೂ ಬರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅಮ್ಮ ಯಾವಾಗಲೋ ತಮಾಷೆಗೆ ಅಂದಿದ್ದು ಅವನನ್ನೇ.

"ಅಣ್ಣಾ."

ತಲೆಯೆತ್ತಿದ. ಮಣ್ಣು ಮಾಡುವ ದಿನ ಬಂದಿದ್ದ ಹೆಂಗಸು, ತಂಗಿಯ ಜೊತೆ ಇಸ್ತ್ರಿ ಯಂತ್ರದಲ್ಲಿ ಕೆಲಸ ಮಾಡುವವಳು. ಬಿಸಿಗೆ ಸುಟ್ಟ ಹಳೆಯ ಗೀರುಗಳು ಮುಂಗೈ ತುಂಬ ಇದ್ದವು. ಆಚೀಚೆ ನೋಡಿ, ಸೆರಗಿನ ಮರೆಯಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಬಿಚ್ಚುವ ಮೊದಲೇ ಅವನಿಗೆ ಸದ್ದು ಕೇಳಿಸಿತ್ತು.

"ಇದು ಅದೇ ಅಲ್ವಾ ಅಣ್ಣಾ? ಗುಬ್ಬಿ ತಗೋತಿದ್ದಿದ್ದು?" ತಂಗಿಯನ್ನು ಮನೆಯಲ್ಲೂ ಕೆಲಸದಲ್ಲೂ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. "ನಂಗೆ ಯಾಕೋ ಹೆದರಿಕೆ. ಅರ್ಧ ಅರ್ಧ ಮಾಡಿ ತಗೋತಿದೀನಿ. ಅವಳು ಜಾಸ್ತಿ ನುಂಗಿದ್ಲು ಅಂತಾರೆ, ಹಂಗಂತ ನಾವು ನಿಲ್ಸಿಲ್ಲ."

"ನಾವು ಅಂದ್ರೆ?"

"ಏಳು ಜನ ಇದೀವಿ. ಮೊದಲು ಒಬ್ಬಿಬ್ರು ಬೇಡ ಅಂದಿದ್ರು, ಹಾಳೆ ಬೇರೆ ಥರ ಇದೆ, ಬಣ್ಣ ಮಾಸಿದೆ ಅಂತ. ಆಮೇಲೆ ಸೋಮವಾರ ಗುಬ್ಬಿ ಬಂದು, ನಮ್ಮಣ್ಣ ನೋಡಿದಾನೆ, ಸರಿ ಇದೆಯಂತೆ ಅಂದ್ಲು. ನೀವು ಔಷಧಿಯೋರು ಅಲ್ವಾ. ಅದಕ್ಕೇ ಎಲ್ರೂ ತಗೊಂಡ್ವಿ."

ಅವನು ಹಾಳೆ ಎತ್ತಿಕೊಂಡ. ಈಗ ನೋಡಿದ. ಹಿಂಬದಿಯ ತಾರೀಖು ಎಲ್ಲಕ್ಕಿಂತ ಸ್ಪಷ್ಟವಾಗಿತ್ತು, ಅದನ್ನು ಮಾತ್ರ ಶ್ರದ್ಧೆಯಿಂದ ಅಚ್ಚು ಮಾಡಿದ್ದರು. ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ದಪ್ಪ, ಒಂದು ಸಣ್ಣ. ಒಂದು ಮಾತ್ರೆಯನ್ನು ಕಾಗದದ ಮೇಲೆ ಒತ್ತಿ ತೆಗೆದು, ಚಾಕುವಿನ ಮೊನೆಯನ್ನು ನಡುವಿನ ಗೀರಿಗೆ ಇಟ್ಟ. ಅದು ಹೋಳಾಗಲಿಲ್ಲ, ಪುಡಿಯಾಯಿತು. ಬೆರಳಿಗೆ ತಾಗಿಸದೆ ಕಾಗದ ಮಡಚಿದ. "ಅಮ್ಮಾ, ಇವತ್ತಿಂದ ಇದನ್ನ ಯಾರೂ ಮುಟ್ಬೇಡಿ. ಅರ್ಧವೂ ಬೇಡ. ಅರ್ಧ ಅನ್ನೋದು ಇದರಲ್ಲಿ ಇಲ್ಲ, ಯಾವ ಅರ್ಧದಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ಉಳಿದ ಆರೂ ಜನಕ್ಕೆ ಈಗಲೇ ಫೋನ್ ಮಾಡಿ. ಹಾಳೆಗಳನ್ನ ಎಸೀಬೇಡಿ, ಇನ್ಸ್‌ಪೆಕ್ಟರ್ ಬರ್ತಾರೆ, ಅವರಿಗೆ ಕೊಡಿ. ತುಂಬ ದಿನದಿಂದ ತಗೋತಿರೋರು ಒಬ್ಬರೇ ಒದ್ದಾಡ್ಬೇಡಿ, ಡಾಕ್ಟರ ಹತ್ರ ಹೋಗಿ ಇದ್ದಿದ್ದು ಇದ್ದಂಗೆ ಹೇಳಿ. ನಾನೂ ಬರ್ತೀನಿ." ಒಂದೇ ಉಸಿರಿಗೆ ಹೇಳಿದ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆಮೇಲೆ ಬರಬೇಕಾದ ಪ್ರಶ್ನೆ ಬಂತು.

"ಮತ್ತೆ ಅವತ್ತು ಸರಿ ಇದೆ ಅಂದ್ರಲ್ಲ ಅಣ್ಣಾ?"

ಮಾಲೀಕರು ಪತ್ರಿಕೆಯಿಂದ ತಲೆ ಎತ್ತಿದರು. ಕೆಮ್ಮಿನ ಔಷಧಿಗೆ ಬಂದು ನಿಂತಿದ್ದ ಮುದುಕರೊಬ್ಬರೂ ನೋಡಿದರು. "ನಾನು ತಾರೀಖು ಅಷ್ಟೇ ನೋಡಿದ್ದೆ," ಎಂದ. ಅವಳಿಗೆ ಅರ್ಥವಾಗಲಿಲ್ಲ. "ಮಾತ್ರೆ?" ಎಂದಳು. "ಮಾತ್ರೆ ನೋಡ್ಲಿಲ್ಲ." ಬೈದಿದ್ದರೆ ಹಗುರಾಗುತ್ತಿದ್ದ. ಅವಳು, "ಅಷ್ಟೇನಾ," ಎಂದಳು, ತಕ್ಕಡಿ ತಪ್ಪಿ ತೂಗಿದ ಅಂಗಡಿಯವನನ್ನು ಕೇಳುವಂತೆ, ಬೇಸತ್ತು. ಬರಿ ಕರವಸ್ತ್ರ ಎತ್ತಿಕೊಂಡು, ಮೆಟ್ಟಿಲ ಮೇಲೆಯೇ ಫೋನು ಕಿವಿಗಿಟ್ಟುಕೊಂಡು ಹೊರಟಳು. ಅವನು ಇನ್ಸ್‌ಪೆಕ್ಟರಿಗೆ ಫೋನು ಮಾಡಿದ. ಏಳು ಹೆಂಗಸರ ವಿಷಯ, ಸೋಪಿನ ಪುಡಿಯವನ ವಿಷಯ ಹೇಳಿದ. "ಒಳ್ಳೇ ಕೆಲಸ ಮಾಡಿದ್ರಿ. ನಿಮಗೆ ಹೇಗೆ ಗೊತ್ತಾಯ್ತು ಸಾರ್?" ಎಂದು ಆತ ಕೇಳಿದ. "ಆ ಹಾಳೆ ನಾನು ಭಾನುವಾರವೇ ನೋಡಿದ್ದೆ. ನಿಮಗೆ ಸುಳ್ಳು ಹೇಳಿದ್ದೆ," ಎಂದ. "ನಾಳೆ ಬಂದು ಬರೆದುಕೊಡಿ," ಎಂದಿತು ಧ್ವನಿ, ಈ ಸಲ ಸಾರ್ ಇಲ್ಲದೆ.

ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಯ ಕಡೆ ನಡೆದ. ಬಿಸಿಲು ನೆತ್ತಿಯ ಮೇಲಿತ್ತು. ಇಷ್ಟು ಜನರಿಗೆ ಹೇಳಿದ್ದಾಯಿತು, ಇನ್ನೊಬ್ಬರಿಗೆ ಹೇಳುವುದೇನು ಮಹಾ ಅಂದುಕೊಂಡ. ಸೈಕಲ್ ರಿಪೇರಿ ಅಂಗಡಿ, ಹಲ್ಲಿನ ಡಾಕ್ಟರ ಬೋರ್ಡು, ಮುಚ್ಚಿದ ಗ್ರಂಥಾಲಯ, ಒಂದೊಂದನ್ನು ದಾಟಿದಾಗಲೂ ಕಾಲು ಭಾರವಾಯಿತು. ಹೊರಗಿನವರಿಗೆ ಹೇಳಿದ್ದು ಅವನ ತಪ್ಪು. ಅಮ್ಮನಿಗೆ ಹೇಳಬೇಕಾದದ್ದು ಅದಲ್ಲ. ಇಪ್ಪತ್ತಾರು ದಿನ ತನ್ನ ತಪ್ಪನ್ನು ಅವಳ ತಲೆಯ ಮೇಲೆ ಹೊರಿಸಿ, ಅವಳು ಹೊತ್ತು ನಡೆಯುವುದನ್ನು ನೋಡುತ್ತ ಊಟ ಮಾಡಿದ್ದು. ಸಂಜೆ ಹೇಳೋಣ ಎಂಬ ಯೋಚನೆ ಬಂತು. ನಿನ್ನೆಯೂ ಬಂದಿತ್ತು.

ಅಮ್ಮ ತಟ್ಟೆ ಹಾಕಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಕಾಯುತ್ತಿದ್ದಳು. "ಕೈ ತೊಳ್ಕೊಂಡು ಬಾ, ಆರಿಹೋಗತ್ತೆ," ಎಂದಳು. ಅವನು ತೊಳೆಯಲಿಲ್ಲ. ಎದುರಿನ ಕುರ್ಚಿ ಎಳೆದು ಕೂತ.

"ಅಮ್ಮಾ, ಗುಬ್ಬಿ ಆವತ್ತು ಎರಡೇ ನುಂಗಿದ್ದು."

ಅಮ್ಮನ ಕೈ ಸೌಟಿನ ಮೇಲೆ ನಿಂತಿತು. "ಯಾರಂದ್ರು?"

"ಯಾರೂ ಅನ್ಬೇಕಾಗಿಲ್ಲ, ನಂಗೆ ಗೊತ್ತು. ಭಾನುವಾರ ಹಾಳೆ ತುಂಬಿತ್ತು, ನನ್ನ ಕೈಯಲ್ಲೇ ಇತ್ತು. ದಿನಕ್ಕೆ ಎರಡು ಅಂದ್ರೆ ಬುಧವಾರಕ್ಕೆ ಎಂಟು. ಎರಡು ಉಳಿದಿತ್ತು. ದಿನಾ ತಗೊಳ್ಳೋ ಹಂಗೇ ತಗೊಂಡು ಮಲಗಿದಾಳೆ."

"ಎರಡು ನುಂಗಿದ್ರೆ ಯಾರಾದ್ರೂ ಸಾಯ್ತಾರಾ? ನೀನೇ ಸರಿ ಇದೆ ಅಂದಿದ್ಯಂತೆ."

"ಸರಿ ಇರ್ಲಿಲ್ಲಮ್ಮ. ಅದು ನಕಲಿ. ಒಳಗಿದ್ದಿದ್ದು ಬೇ‍ರೆ ಮದ್ದು. ಇವತ್ತು ವರದಿ ಬಂತು. ನಾನು ಆವತ್ತು ಹಿಂದಿನ ತಾರೀಖು ನೋಡಿ ಸರಿ ಅಂದ್ಬಿಟ್ಟೆ. ಎಸೆದಾಗ ಸದ್ದು ಬಂತು, ಅದರಲ್ಲಿ ಏನೋ ದೋಷ ಇದೆ ಅಂತ ಗೊತ್ತಾಯ್ತು. ಸಿಟ್ಟಲ್ಲಿದ್ದೆ. ಬಿಟ್ಟುಬಂದೆ."

ಅಮ್ಮನ ತುಟಿ ಅಲ್ಲಾಡುತ್ತಿತ್ತು, ಎರಡು, ಎಂಟು, ಎಂದು ಅವಳೂ ಎಣಿಸುತ್ತಿದ್ದಳೋ ಏನೋ. ಕೊನೆಗೆ ಕೇಳಿದಳು, "ಹಂಗಾದ್ರೆ ನಾನಂದ ಮಾತಿಗೆ ಹೋಗಿದ್ದಲ್ಲ ಅಂತೀಯಾ?"

"ನಿನ್ನ ಮಾತಿಗಲ್ಲಮ್ಮ. ಬೆಳಿಗ್ಗೆ ಎದ್ದು ನಿನ್ನ ಹತ್ರ ಜಗಳ ಆಡ್ಬೇಕು ಅಂತಲೇ ಮಲಗಿದ್ಲು."

"ಆಡ್ತಿದ್ಲು," ಎಂದಳು ಅಮ್ಮ. "ಸುಮ್ನೆ ಬಿಡ್ತಿರ್ಲಿಲ್ಲ." ಅವಳ ಮುಖದಲ್ಲಿ ಏನೋ ಸಡಿಲವಾಯಿತು, ಇಷ್ಟು ದಿನ ಕಾಣದಿದ್ದ ಹಳೆಯ ಅಮ್ಮ ಒಂದು ಕ್ಷಣ ಕಂಡಳು, ಮಗಳ ಬಾಯಿಗೆ ಹೆದರಿ ನಗುವವಳು. ಅವನಿಗೆ, ಸದ್ಯ, ಹೇಳಿದ್ದು ಒಳ್ಳೆಯದಾಯಿತು ಅನ್ನಿಸಿತು. ಆ ನೆಮ್ಮದಿಯಲ್ಲಿ ಅವಳ ಮುಂದಿನ ಮಾತು ಬರುವುದು ಕಾಣಲಿಲ್ಲ.

"ಎರಡೇ ಅಂತ ನಿಂಗೆ ಯಾವತ್ತು ಗೊತ್ತಾಯ್ತು?"

"ಮೊದಲ ದಿನ."

"ನಕಲಿ ಇರಬಹುದು ಅಂತ?"

"ಅದೂ ಆವತ್ತೇ ಅನ್ನಿಸ್ತು."

ಅಮ್ಮ ಮುಚ್ಚಿದ ತಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟಳು, ಅವನ ಊಟವನ್ನು ಅವನ ಮುಂದಕ್ಕೆ ಸರಿಸಿದಳು. ಧ್ವನಿ ಏರಿಸಲಿಲ್ಲ. "ಅವಳನ್ನ ಕೊಂದಿದ್ದು ನೀನಲ್ಲ. ಯಾವನೋ ಪಾಪಿ, ಮುಖ ಮೂತಿ ಗೊತ್ತಿಲ್ಲದೋನು. ಸಿಟ್ಟಲ್ಲಿ ನೀನು ನೋಡ್ಲಿಲ್ಲ, ಸಿಟ್ಟಲ್ಲಿ ನಾನು ಆಡಬಾರದ್ದು ಆಡ್ದೆ. ಅದಕ್ಕೆ ನಿನ್ನ ಏನೂ ಅನ್ನಲ್ಲ," ಎಂದಳು. ಎದ್ದು ನಿಂತಳು. "ಆದ್ರೆ ಇಪ್ಪತ್ತಾರು ದಿನ ನಾನು ಮಗಳನ್ನ ಕೊಂದೋಳು ಅಂದ್ಕೊಂಡು ಬದುಕಿದೀನಿ. ನೀನು ಎದುರಿಗೆ ಕೂತು ನೋಡಿದೀಯ. ಅವಳಿಗೋಸ್ಕರ ಅಳೋಕೂ ನಂಗೆ ಹಕ್ಕಿಲ್ಲ ಅಂತ ಅಳ್ಲಿಲ್ಲ ಕಣೋ ನಾನು."

ಅವಳು ತಂಗಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿಸಿತು, ಆಮೇಲೆ "ಗುಬ್ಬೀ" ಎಂಬ ಕೂಗು, ಆಮೇಲೆ ಅಳು. ಎದೆಯೊಡೆದು ಬಂದ ದೊಡ್ಡ ಅಳು. ಅದರಲ್ಲಿ ತನ್ನನ್ನು ಬೈದುಕೊಳ್ಳುವ ಮಾತು ಒಂದೂ ಇರಲಿಲ್ಲ, ಮಗಳ ಹೆಸರು ಮಾತ್ರ ಇತ್ತು. ಅವನು ಎದ್ದು ಬಾಗಿಲವರೆಗೆ ಹೋದ. ತಟ್ಟಲು ಕೈಯೆತ್ತಿದ. ಒಳಗೆ ಅಮ್ಮ ಕೊನೆಗೂ ಮಗಳ ಹತ್ತಿರ ಹೋಗಿದ್ದಳು, ಅಲ್ಲಿಗೆ ಹೋಗಲು ಅವನಿಗೆ ದಾರಿಯಿರಲಿಲ್ಲ. ಕೈ ಇಳಿಸಿ, ಬಾಗಿಲ ಹೊರಗೆ, ನೆಲದ ಮೇಲೆ ಕೂತ.